ಹೆಂಗರುಳು

ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಹತ್ತು ತಂತಿಯ ಯಂತ್ರ ತಳ್ಳಿಕೊಂಡು ಓಡಾಡುವವಳು ನಾನು.
ಎದೆಗೆ ಬಿಲ್ಲೆ ಅಂಟಿಸುವುದು, ಕಾಗದ ಹರಿಯುವುದು,
ಹೆಸರು ಬರೆದು ಡಾಕ್ಟರ ಕೈಗಿಡುವುದು.
ಓದುವ ಅಧಿಕಾರ ನನಗಿಲ್ಲ.
ಓದಲು ಬರುತ್ತದೆ, ಅದು ಬೇರೆ ಮಾತು.

ಮೂರನೇ ಹಾಸಿಗೆಯಲ್ಲಿ ಮೊರೀನ್ ಬ್ಲೆಂಕಿನ್, ಐವತ್ತೆಂಟು.
ಮೂವತ್ತು ವರ್ಷ ಹ್ಯಾಡಕ್ ಮೀನು ಸೀಳಿದ ಕೈ,
ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಹೊಗೆಗೂಡಿನ ವಾಸನೆ.
ಏನಾಗುತ್ತಿದೆ ಎಂದರೆ,
ದವಡೆ ಹಿಡಿದಂತೆ, ಬೆನ್ನ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಮರೆತಂತೆ,
ಹೊಟ್ಟೆ ತೊಳಸು, ಮೂರು ದಿನದಿಂದ ಮೆಟ್ಟಿಲು ಕಂಡರೆ ಸುಸ್ತು.
ಎದೆನೋವು?
"ನೋವಲ್ಲ ಕಣಮ್ಮ, ಒಂಥರಾ."
ಅವಳ ಇಂಗ್ಲಿಷು ನನ್ನ ಕಿವಿಯೊಳಗೆ ಹೀಗೇ ಇಳಿಯಿತು.

ಒಂಥರಾ.
ನಮೂನೆಯಲ್ಲಿ ಅದಕ್ಕೊಂದು ಚೌಕವಿಲ್ಲ.
ಎಳೆಯ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಬರೆದರು, ಬಿಳಿ ಔಷಧಿ ಕುಡಿಸಿದರು,
ಮನೆಯಲ್ಲೇನಾದರೂ ಚಿಂತೆಯೇ ಎಂದು ಮೆತ್ತಗೆ ಕೇಳಿದರು.
ಕೆಟ್ಟವರಲ್ಲ. ಹದಿಮೂರು ಗಂಟೆಯಿಂದ ನಿಂತೇ ಇದ್ದಾರೆ.

ಹೋದ ಚಳಿಗಾಲ ಅವಳ ಗಂಡ ಇದೇ ಹಾಸಿಗೆಗೆ ಬಂದಿದ್ದ,
ಎದೆಗೆ ಮುಷ್ಟಿಯೊತ್ತಿ, ಬೆವರು ಸುರಿಸಿ,
ಪಠ್ಯಪುಸ್ತಕದ ಚಿತ್ರ ಎದ್ದು ನಡೆದು ಬಂದಂತೆ.
ಓಡಿದ್ದೆವು ನಾವೆಲ್ಲ.
ಈಗ ಅವನು ಪಕ್ಕದ ಕುರ್ಚಿಯಲ್ಲಿ, ಅವಳ ಕೋಟು ಮಡಿಲಲ್ಲಿ.
"ಇವಳು ಸುಮ್ಮಸುಮ್ಮನೆ ಬರುವವಳಲ್ಲ" ಎನ್ನುತ್ತಾನೆ
ಯಾರೂ ಕೇಳದಿದ್ದರೂ.

ನನ್ನ ಭಾಷೆಗೂ ಪಾಲಿದೆ ಇದರಲ್ಲಿ.
ಧೈರ್ಯಕ್ಕೆ ಗಂಡೆದೆ ಎಂದಿತು, ಮರುಕಕ್ಕೆ ಹೆಂಗರುಳು.
ಅವನಿಗೆ ಎದೆ, ಇವಳಿಗೆ ಕರುಳು,
ಹೊಲ ಪಾಲು ಮಾಡಿದ ಹಾಗೆ ಅಂಗಾಂಗ ಹಂಚಿ
ರುಜು ಹಾಕಿ ಎದ್ದ ಆ ಪಂಚರು ಯಾರೋ.
ಗ್ರಿಮ್ಸ್‌ಬಿಗೂ ತಲುಪಿದೆ ಆ ಪತ್ರದ ನಕಲು.

ತರಬೇತಿಯ ಗೊಂಬೆಗೆ ಮೊಲೆಯಿರಲಿಲ್ಲ.
ನಾವು ಒತ್ತಲು ಕಲಿತದ್ದು ಬಯಲಿನ ಮೇಲೆ.
ಇಲ್ಲಿ ಎಡಮೊಲೆಯನ್ನು ಕೈಯ ಹಿಂಬದಿಯಿಂದ ಎತ್ತಿ
(ಕ್ಷಮಿಸಿ, ಕೈ ತಣ್ಣಗಿದೆ)
ನಾಲ್ಕನೆಯ ಬಿಲ್ಲೆ, ಐದನೆಯದು.
ಅಂಟುವ ಮೊದಲೇ ಬೆವರಿಗೆ ಜಾರುತ್ತದೆ.

ಬೆವರು ಅವಳದೋ ನನ್ನದೋ.
ನನಗೂ ಐವತ್ತೊಂದು, ಮುಟ್ಟು ನಿಂತು ಹದಿನಾಲ್ಕು ತಿಂಗಳು.
ಸೊಂಟ ಹೇಳದೆ ಕೇಳದೆ ಎರಡಿಂಚು ಬಂದಿದೆ,
ಸಕ್ಕರೆ ಗಡಿಯಲ್ಲಿ ನಿಂತು ಈಚೆ ಇಣುಕುತ್ತಿದೆ.
ತಿಂಗಳು ತಿಂಗಳು ಬೈದುಕೊಂಡೇ ಬರಮಾಡಿಕೊಂಡೆ.
ಅದರ ಬೆನ್ನಿಗಿದ್ದ ರಸವೊಂದು ಅಷ್ಟು ವರ್ಷ
ರಕ್ತನಾಳದ ಬಾಗಿಲು ಕಾಯುತ್ತಿತ್ತಂತೆ.
ಸಂಬಳ ಕೇಳಲಿಲ್ಲ.
ಹೋಗುವಾಗ ಬೀಗದಕೈ ಯಾರಿಗೆ ಕೊಟ್ಟಿತೋ.

ಎರಡನೆಯ ಕಾಗದ ಬಂತು.
ಗೆರೆ ಹೆಡೆಯೆತ್ತಬೇಕಾದಲ್ಲಿ ಎತ್ತಿಲ್ಲ.
ಎತ್ತಿಲ್ಲ, ಆದರೆ ನೆಟ್ಟಗೂ ಇಲ್ಲ:
ಕೂದಲೆಳೆಯಷ್ಟು ತಗ್ಗು,
ಆಡಬೇಕಾದ ಮಾತು ನುಂಗಿದಾಗ ಗಂಟಲಲ್ಲಿ ಬೀಳುವಷ್ಟು.

ಡಾಕ್ಟರ ತೋಳು ಹಿಡಿದೆ. ಹಿಡಿಯಬಾರದು.
"ಇನ್ನೊಮ್ಮೆ ರಕ್ತ ತೆಗೆಸಿ. ಹೆಂಗಸಿನ ಅಳತೆಗೆ ಹಿಡಿದು ನೋಡಿ."
ಅವರು ನನ್ನನ್ನು ನೋಡಿದರು, ಕಾಗದ ನೋಡಿದರು,
ಗೋಡೆಯ ಗಡಿಯಾರ ನೋಡಿದರು.

ಮೊರೀನ್ ಅತ್ತ ಗಂಡನಿಗೆ,
ಕಾರು ನಿಲ್ಲಿಸಿದ ಚೀಟಿಯ ಹೊತ್ತು ಮುಗಿಯಿತು,
ಹೋಗಿ ದುಡ್ಡು ಹಾಕಿ ಬಾ ಎನ್ನುತ್ತಿದ್ದಳು.
ಅವನು ಏಳಲಿಲ್ಲ.
ಸೂಜಿ ಹಿಡಿದ ನರ್ಸು ಬರುವವರೆಗೂ
ಆ ಕೋಟನ್ನು ಎದೆಗೊತ್ತಿಕೊಂಡೇ ಇದ್ದ.