ದಾಸವಾಳಕ್ಕೆ ಗೊತ್ತಿತ್ತು

ಅರಸೀಕೆರೆಯ ನಮ್ಮ ಹೈಸ್ಕೂಲಿನಲ್ಲಿ ಗಂಟೆಯೆಂದರೆ
ಗಂಟೆಯಲ್ಲ, ಮೊಳದುದ್ದದ ರೈಲುಕಂಬಿ,
ಬೇವಿನ ಕೊಂಬೆಗೆ ತಂತಿ ಬಿಗಿದು ಇಳಿಬಿಟ್ಟದ್ದು.
ಮರುಳಸಿದ್ದಣ್ಣ ಬೋಲ್ಟಿನಿಂದ ಬಡಿದರೆ
ಜಂಕ್ಷನ್ನಿನಲ್ಲಿ ಗಾಡಿ ಕಾಯುವವರೂ
ಒಮ್ಮೆ ಕತ್ತೆತ್ತಿ ನೋಡುತ್ತಾರೆ.

ಫೆಬ್ರವರಿಯಲ್ಲಿ ಬಂತು ಹೊಸ ಪದ್ಧತಿ:
ಹನ್ನೊಂದಕ್ಕೊಂದು, ಎರಡೂವರೆಗೊಂದು ನೀರಿನ ಬೆಲ್ಲು.
ಎರಡೇಟು, ನಡುವೆ ಒಂದು ಗುಟುಕಿನಷ್ಟು ಬಿಡುವು.
"ಬಾಟಲಿ ತೆಗೀರಿ, ಕುಡೀರಿ!"
ವಿಜ್ಞಾನದ ಮೇಡಮ್ಮು ನಾನು,
ಹಲಗೆಯ ಮೇಲೆ ಎರಡು ಅವರೆಕಾಳು ಬರೆದು
ಇವೇ ಮೂತ್ರಪಿಂಡ ಅಂದವಳು,
ರಕ್ತ ಸೋಸುವ ಕಥೆ ಹೇಳಿದವಳು,
ಹುರುಪಿನಿಂದ ಡೆಸ್ಕುಗಳ ನಡುವೆ ಓಡಾಡಿದೆ.

ಹುಡುಗರು ಕುಡಿದರು. ಕುಡಿದದ್ದಕ್ಕಿಂತ ಹೆಚ್ಚು
ಮುಂದಿನವನ ಕಾಲರಿನೊಳಗೆ ಸುರಿದರು.
ಹುಡುಗಿಯರು ಬಾಟಲಿ ಎತ್ತಿದರು,
ತುಟಿಗೆ ತಾಗಿಸಿದರು, ಇಳಿಸಿದರು.
ಗಂಟಲು ಅಲುಗಲಿಲ್ಲ.
ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕಣ್ಣಿಗೆ
ಅದು ಕಾಣಲಿಲ್ಲ.

ಕಂಡದ್ದು ದಾಸವಾಳ.
ಹಿಂದಿನ ಕಾಂಪೌಂಡಿನ ಮೂಲೆಯಲ್ಲಿ,
ಸುತ್ತ ಹುಲ್ಲೆಲ್ಲ ಹಪ್ಪಳದಂತೆ ಮುರಿಯುವಾಗ,
ತೆಂಗಿನ ಗರಿಯೂ ಜೋತುಬಿದ್ದಾಗ,
ಇದೊಂದು ಗಿಡ ಮದುವೆಮನೆಯ ಹಾಗೆ
ಮೈತುಂಬ ಕೆಂಪು!
"ಯಾರಣ್ಣ ನೀರು ಹಾಕೋದು?" ಅಂದೆ.
"ನಾನಲ್ಲ ತಾಯಿ" ಅಂದ ಮರುಳಸಿದ್ದಣ್ಣ,
"ಸಾಯಂಕಾಲ ನಾಕೂಕಾಲಿಗೆ ಇಲ್ಲೇ ನಿಂತು ನೋಡಿ."

ನಿಂತೆ.
ಬ್ಯಾಗು ಹೆಗಲಿಗೇರಿಸಿ ಬಂದರು ಒಬ್ಬೊಬ್ಬರಾಗಿ
ಜಬೀನಾ, ಧರಣಿ, ಮೇಘಶ್ರೀ,
ಬಾಣಾವರದ ಬಸ್ಸಿನ ಅಕ್ಕತಂಗಿಯರು.
ಮುಚ್ಚಳ ತಿರುಗಿಸಿದರು.
ಬೆಳಿಗ್ಗೆ ಅಮ್ಮ ತುಂಬಿಸಿಕೊಟ್ಟ ನೀರು,
ಕುತ್ತಿಗೆಯವರೆಗೆ ಹಾಗೇ ಇದ್ದದ್ದು,
ಗುಳುಗುಳು ಗಿಡದ ಬುಡಕ್ಕೆ.
ಮನೆಗೆ ಖಾಲಿ ಬಾಟಲಿ ಹೋಗಬೇಕು,
ಅಮ್ಮನ ಜೀವಕ್ಕೆ ನೆಮ್ಮದಿ.

ಬೈಯಲು ಬಾಯಿ ತೆರೆದೆ.
ಜಬೀನಾ ನನ್ನ ಮುಖ ನೋಡಲಿಲ್ಲ,
ಚಪ್ಪಲಿ ನೋಡಿಕೊಂಡು ಅಂದಳು:
"ಕುಡಿದರೆ ಹೋಗಬೇಕಾಗತ್ತೆ ಮಿಸ್."
ಅಷ್ಟೇ.
ಅಷ್ಟರಲ್ಲಿ ಎಲ್ಲ ಇತ್ತು:
ಚಿಲಕವಿಲ್ಲದ ಬಾಗಿಲು ಒಂದು,
ಬೀಗವಿರುವ ಬಾಗಿಲು ಇನ್ನೊಂದು,
ಇನ್‌ಸ್ಪೆಕ್ಷನ್ನಿಗೆ ಮಾತ್ರ ತೆರೆಯುವಂಥದ್ದು.
ಕೀಲಿ ಹೆಡ್ಮಾಸ್ಟರ ತಲೆಯ ಹಿಂದೆ,
ಮೊಳೆಯಲ್ಲಿ, ಕ್ಯಾಲೆಂಡರಿನ ಅಡಿ.
ಕೇಳಲು ಹೋಗಬೇಕಾದವಳಿಗೆ ಹದಿಮೂರು ವರ್ಷ.

ನಾನೇನು ಬೇರೆ?
ನನ್ನ ಸ್ಟೀಲಿನ ಬಾಟಲಿ ಅಲ್ಲಾಡಿಸಿ ನೋಡಿದೆ.
ಸದ್ದೇ ಇಲ್ಲ, ಅಷ್ಟು ತುಂಬಿತ್ತು.
ಇಪ್ಪತ್ತೆರಡು ವರ್ಷದಿಂದ ನಾನೂ
ಮನೆ ಸೇರಿದ ಮೇಲೆಯೇ.
ಉರಿ, ಚಳಿಜ್ವರ, ಬಾರ್ಲಿ ನೀರು, ಮಾತ್ರೆ,
ಇದೆಲ್ಲ ಹೆಣ್ಣಿನ ಹಣೆಬರಹವೆಂದು
ಸಿಲಬಸ್ಸಿನಾಚೆ ಇಟ್ಟಿದ್ದೆ.

ಮರುದಿನ ಕೀಲಿ ತಂದೆ.
ಹೇಗೆ ತಂದೆ ಎಂಬುದು ದೊಡ್ಡ ಕಥೆ, ಅದರಲ್ಲಿ
ಹೆಡ್ಮಾಸ್ಟರು ನಾಲ್ಕು ಸಲ ಕೆಮ್ಮುತ್ತಾರೆ.
ಚಿಲಕಕ್ಕೆ ಎಂಬತ್ತು ರೂಪಾಯಿ,
ಬಕೆಟ್ಟು, ಮಗ್ಗು, ಒಂದು ಬಲ್ಬು.
ಕೀಲಿ ಈಗ ಎಂಟನೇ ಬಿ ಬಾಗಿಲ ಪಕ್ಕದ ಮೊಳೆಗೆ,
ಯಾರನ್ನೂ ಕೇಳದೆ ಕೈಗೆಟುಕುವ ಎತ್ತರಕ್ಕೆ.

ಹನ್ನೊಂದಕ್ಕೆ ಕಂಬಿ ನುಡಿಯಿತು. ಟಣ್. ಟಣ್.
ನಾನು ಮೊದಲು ಕುಡಿದೆ, ಎಲ್ಲರೆದುರು,
ಗಂಟಲು ಅಲುಗುವುದು ಕಾಣುವ ಹಾಗೆ.
ಜಬೀನಾ ಧರಣಿಯ ಮುಖ ನೋಡಿದಳು,
ಧರಣಿ ಮೊಳೆಯನ್ನು.
ಆಮೇಲೆ ಒಂದು ಗುಟುಕು. ಇನ್ನೊಂದು.
ಮೂವತ್ತೊಂದು ಹುಡುಗಿಯರು ನೀರು ಕುಡಿವ ಸದ್ದು
ಒಂದೇ ಕೋಣೆಯಲ್ಲಿ ಕೇಳಿದ್ದೀರಾ?
ಒಣಗಿದ ಕಾಲುವೆಗೆ ತೂಬು ಎತ್ತಿದ ಹಾಗೆ.

ಈಗ ಮಾರ್ಚಿ ಮುಗಿಯುತ್ತ ಬಂತು.
ದಾಸವಾಳ ಎಲೆ ಸುರುಟಿ, ಮೊಗ್ಗು ಉದುರಿಸಿ ನಿಂತಿದೆ.
ಮರುಳಸಿದ್ದಣ್ಣ ಗೊಣಗುತ್ತಾನೆ:
"ನಿಮ್ಮ ಬೆಲ್ಲಿಂದ ಗಿಡ ಸತ್ತೋಯ್ತು ತಾಯಿ."
ಧರಣಿ ನಿನ್ನೆ ಪಾಳಿಯ ಪಟ್ಟಿ ಬರೆದು ಅಂಟಿಸಿದಳು,
ಗಿಡಕ್ಕೆ ದಿನಕ್ಕೆ ಎರಡು ಮಗ್ಗು, ನಲ್ಲಿಯಿಂದ.
ಕೊನೆಗೊಂದು ಸೂಚನೆ, ಅಡಿಯಲ್ಲಿ ಎರಡು ಗೆರೆ:
"ಬಾಟಲಿ ನೀರು ಹಾಕುವಂತಿಲ್ಲ."