ಉಳಿದ ವಾಶರ್

ಶಹಾಬಾದಿನ ಖಣಿಯಿಂದ ಫರಸಿ ಹೊತ್ತು ಹೊತ್ತು
ನಮ್ಮ ಗಾಡಿ ಕುಣಿಯೋದು ಕಲಿತಿತ್ತು.
ಒಂದು ತಗ್ಗಿಗೆ ಬಿದ್ರ ಮೂರು ಸಲ ಎದ್ದು
ಮುಂದಿನ ತಗ್ಗಿನ ತನಕ ತೊನೆಯೋದು.
ಶಾಕಬ್ಸರ್ ಹೋಗ್ಯಾವ, ಅಂದ ಲಾಡ್ಲೇಸಾಬ.
ಕೂಲಿ ಎಷ್ಟಂತ ಹೇಳ್ದ.
ಕೇಳಿ ನಮ್ಮವ ಜಾಕ್ ಕಡ ತಗೊಂಡು ಸೀದಾ ಮನಿಗೆ ಬಂದ.

ಐತವಾರ ಮುಂಜಾನಿ ಅಂಗಳದಾಗ ಜಾಕ್ ಹಚ್ಚಿದ್ರ
ಎರಿ ಮಣ್ಣು ಜಾಕನ್ನೇ ನುಂಗ್ಲಿಕತ್ತು.
ಅತ್ತಿ ಅರಿವಿ ಒಗಿಯೋ ಫರಸಿ ಎಳ್ಕೊಂಡು ಬಂದು
ಅಡಿಗಿಟ್ಟೆವು. ಅತ್ತಿ ಬಾಗಿಲದಾಗ ನಿಂತು
‘ಸಾಯಿಬಣ್ಣಾ, ಅದು ಒಡದ್ರ
ನಿನ್ನ ಎದಿ ಮ್ಯಾಲ ಒಗೀತೀನಿ ನೋಡು’ ಅಂದಳು.

ನಂಗ ಅಂಕಿ ಬರ್ತಾವ, ಅಕ್ಷರ ಅಷ್ಟಕ್ಕಷ್ಟೇ.
ಹದಿನೇಳು, ಹತ್ತೊಂಬತ್ತು, ಇಪ್ಪತ್ನಾಕು—
ಗಾಡಿ ಕೆಳಗಿಂದ ಬರೇ ಒಂದು ಕೈ ಹೊರಗ ಬರೋದು,
ಕರಿ ಅಂಗೈ, ಬೇಡೋ ಹಂಗ.
ನಾ ಪಾನಾ ಇಡ್ತಿದ್ದೆ.

ಕೆಳಗಿನ ಬೋಲ್ಟು ಮಾತ್ರ ಹಟ ಹಿಡೀತು.
ಅದಕ್ಕ ಚಿಮಣಿ ಎಣ್ಣಿ ಕುಡಿಸಿದೆವು, ನಾವು ಚಹಾ ಕುಡಿದೆವು.
ಪಾನಾಕ್ಕ ನಳದ ಪೈಪು ಏರಿಸಿ
ತುದೀಗೆ ಇಬ್ಬರೂ ಜೋತುಬಿದ್ದೆವು.
ಲಗ್ನದ ದಿನಾನೂ ಇಷ್ಟು ಸಮೀಪ ನಿಂತಿದ್ದಿಲ್ಲ.
ಕಿರ್ರ್ ಅಂತು.
ಬೋಲ್ಟೋ ಭುಜವೋ ತಿಳೀಲಿಲ್ಲ.
ಬೋಲ್ಟೇ.

ಹಳೇದು ಹೊರಗ ಬಂತು, ಎಣ್ಣಿ ಉಗುಳ್ಕೋತ.
ಒತ್ತಿದ್ರ ಒಳಗ ಹೋಗ್ತದ, ತಿರುಗಿ ಬರೋ ನೆನಪಿಲ್ಲ.
ಹೊಸದನ್ನ ಕೂಡಿಸೋಕ ಮೊದಲು ನಿಂದ್ರಿಸಿ
ನಾಕೈದು ಸಲ ಎಳದು ಒತ್ತಬೇಕಂತ.
ಎಳದ್ರೂ ಸಾವಕಾಶ, ಒತ್ತಿದ್ರೂ ಸಾವಕಾಶ.
‘ಯಾರಂಗ ಇದು?’ ಅಂದೆ.
‘ನಿನ್ನಂಗಿಲ್ಲ ಬಿಡು’ ಅಂದ ಕೆಳಗಿಂದ.

ಮ್ಯಾಲಿನ ನಟ್ಟಿನ ಸಂದ್ಯಾಗ ಅವನ ಕೈ ಹಿಡೀಲಿಲ್ಲ.
ಬಳಿ ತೆಗೆದಿಟ್ಟು ನಾ ತೂರಿಸಿದೆ.
ರಬ್ಬರು, ವಾಶರು, ನಟ್ಟು, ಎಲ್ಲಾ ಬೆರಳಿಂದಲೇ ನೋಡಿ,
ಕಟ್ಟಿದ ಎಮ್ಮಿ ಹೊಟ್ಟ್ಯಾಗ ಕರುವಿನ ಕಾಲು ಹುಡುಕಿದಂಗ.
‘ಪೂರಾ ಬಿಗಿಬ್ಯಾಡ’ ಅಂದ,
‘ಭಾರ ಕೂತ ಮ್ಯಾಲ ಬಿಗಿಯೋದು.’
ಜಾಕ್ ಇಳಿಸಿದೆವು. ಆಮ್ಯಾಲ ಬಿಗಿದೆವು.
ಬಂಪರ್ ಒತ್ತಿ ಬಿಟ್ರ
ಒಮ್ಮೆ ಎದ್ದು ಸುಮ್ಮನಾತು.

ಫರಸಿ ಒಡೀಲಿಲ್ಲ. ನಡುವ ಜಾಕಿನ ಗುರುತು ಬಿದ್ದದ,
ಅತ್ತಿ ಈಗ ಅದರಾಗ ಸಾಬಾನು ಇಡ್ತಾಳ.

ಖರೇ, ಒಂದು ವಾಶರ್ ಉಳೀತು.
ಹಳೇ ಚಾದರದ ಮ್ಯಾಲ ಎಲ್ಲಾ ಎಣಿಸಿ ಇಟ್ಟಿದ್ದೆ ನಾ.
ಹಳೇದರದಿರಬೇಕು, ಅಂದ.
ಹೊಸದರದಿರಬೇಕು, ಅಂದೆ.
ಮತ್ತ ಬಿಚ್ಚೋ ಮಾತು ಇಬ್ಬರೂ ಎತ್ತಲಿಲ್ಲ.

ಸೋಮವಾರ ನಸುಕಿನ್ಯಾಗ ಫರಸಿ ಹೇರಿ
ಸೇಡಂ ಕಡಿ ಹೋದ.
ರೈಲ್ವೆ ಗೇಟಿನ ಹಳಿ ದಾಟೋ ಸಪ್ಪಳ
ದಿನಾ ನಮ್ಮನಿ ತನಕ ಕೇಳ್ತಿತ್ತು, ಧಡ್ ಧಡ್ ಧಡ್.
ಇವತ್ತು ಒಮ್ಮೆ.
ಎರಡನೇದಕ್ಕ ಕಾಯ್ಕೋತ ನಿಂತಾಕಿ
ಯಾವಾಗ ವಾಶರು ಹೆಬ್ಬೆರಳಿಗೆ ಹಾಕ್ಕೊಂಡೆನೋ,
ಬಿಗಿ ಕೂತದ, ಬರಲೊಲ್ದು.
ಚಿಮಣಿ ಎಣ್ಣಿ ಎಲ್ಲಿಟ್ಟೆವು?