ನಾಲ್ಕನೆಯ ಬಿಂದು

ಮಲ್ಪೆಯಲ್ಲಿ, ಐಸ್ ಫ್ಯಾಕ್ಟರಿಯ ಗೋಡೆಗೆ ತಾಗಿದ ಕೋಣೆಯೊಳಗೆ
ಒಂದು ದೋಣಿ ಬರೆಯುತ್ತಿದ್ದೇನೆ, ನೀರಿಲ್ಲದೆ.
ಸದಿಯ ಸಾಲಿಯಾನರ ಹಳೆಯ ಮರದ ದೋಣಿ;
ಫೈಬರಿನಲ್ಲಿ ಇನ್ನೊಂದು ಇಂಥದ್ದೇ ಬೇಕಂತೆ ಅವರಿಗೆ.
ಮೂರು ಅಂಕಿಗೆ ಒಂದು ಬಿಂದು:
ಉದ್ದಕ್ಕಿಷ್ಟು, ಅಡ್ಡಕ್ಕಿಷ್ಟು, ಮೇಲಕ್ಕಿಷ್ಟು.
ಹೊರಗೆ ಶೀನಾಚಾರ್ರು ಟೇಪು ಹಿಡಿದು ಕೂಗುತ್ತಾರೆ,
ಒಳಗೆ ನಾನು ಕೀಲಿ ಒತ್ತುತ್ತೇನೆ.
ನಡುವೆ ಬೂತಾಯಿ ಲಾರಿ ಹಾದರೆ
ಒಂದು ಅಂಕಿ ಸಮುದ್ರದ ಪಾಲು.

ಕಪ್ಪು ಪರದೆಯ ತುಂಬ ಮೊಳೆಗಳು,
ಹಲಗೆ ಇನ್ನೂ ಬಂದಿಲ್ಲ.
ಮೂರನ್ನು ಸೇರಿಸಿದೆ: ಬೂದು ಬಣ್ಣ ತುಂಬಿತು.
ನಾಲ್ಕನ್ನು ಸೇರಿಸಿದೆ:
ಅರ್ಧ ತುಂಬಿ, ಅರ್ಧ ಮಡಚಿ, ತಿರುಗಿಸಿದರೆ
ಗಾಳಿಗೆ ಸಿಕ್ಕ ಟಾರ್ಪಾಲಿನ ಹಾಗೆ ಪಟಪಟ.

"ನಾಲ್ಕೂ ಒಂದೇ ಮಟ್ಟದಲ್ಲಿಲ್ಲ ಆಚಾರ್ರೇ."
ಚಪ್ಪಲಿ ಹೊರಗೆ ಬಿಟ್ಟು ಬಂದರು
(ಕಂಪ್ಯೂಟರಿರುವ ಕೋಣೆಗೆ ಯಾವಾಗಲೂ ಹಾಗೆ).
"ಮೂರು ಕಾಲಿನ ಮಣೆ ಎಲ್ಲಿಟ್ಟರೂ ಕೂತುಕೊಳ್ತದೆ.
ನಾಲ್ಕಾದರೆ ಅಡಿಗೆ ರಟ್ಟು ಕೊಡಬೇಕು ಮಾರಾಯ್ತಿ."
ನಿಜ. ನನ್ನ ಸ್ಟೂಲಿನ ಕೆಳಗೂ ಒಂದು ಬೆಂಕಿಪೊಟ್ಟಣ.

ದೋಣಿಯ ಎಡಮೈಯನ್ನೆಲ್ಲ ತ್ರಿಕೋನಗಳಾಗಿ ಕೊಯ್ದೆ,
ಸಾವಿರದ ಐವತ್ತಾರು.
ಅದನ್ನೇ ಕನ್ನಡಿ ಹಿಡಿದು ಬಲಕ್ಕೆ ಮಗುಚಿದೆ.
ಬಲಮೈ ಮಾಯ!
ದೋಣಿಯೊಳಗೆ ಇಳಿದು ನೋಡಿದರೆ ಇದೆ, ಹೊರಬಂದರೆ ಇಲ್ಲ.
ಬಿಂದುಗಳ ಸರದಿ ತಿರುವುಮುರುವಾಗಿತ್ತು.
ದೇವರಿಗೆ ಬಲಸುತ್ತು ಸರಿ,
ಈ ಯಂತ್ರಕ್ಕೆ ಎಡಸುತ್ತೇ ಶುಭ;
ತಪ್ಪಿ ಸುತ್ತಿದ್ದಕ್ಕೆ ಮುನಿದು ದೋಣಿ
ಮುಖವನ್ನು ತನ್ನ ಹೊಟ್ಟೆಯ ಕಡೆ ಹಾಕಿ ಕೂತಿತ್ತು.
ತಿದ್ದಿದೆ. ಅದೊಂದು ಸುಲಭ.

ಉಳಿದದ್ದು ಮೂತಿಯ ಹತ್ತಿರದ ಒಂದೇ ಹಲಗೆ.
ಈ ಮೂಲೆಯಿಂದ ಆ ಮೂಲೆಗೆ ಕರ್ಣ ಎಳೆದರೆ ಉಬ್ಬು,
ಇನ್ನೊಂದನ್ನು ಎಳೆದರೆ ತಗ್ಗು.
ಅಂಕಿಗಳು ಅವೇ, ನಾಲ್ಕೂ ಸರಿ,
ದೋಣಿ ಮಾತ್ರ ಎರಡು.
ಯಾವುದು ಖರೆ?

ಆಚಾರ್ರು ಉತ್ತರ ಹೇಳಲಿಲ್ಲ, ಹೊರಗೆ ಕರೆದರು.
ಈ ಹಲಗೆಯನ್ನು ಅವರೇ ಕೂರಿಸಿದ್ದಂತೆ, ಮದುವೆಯ ವರ್ಷ:
ಒಂದು ರಾತ್ರಿ ಉಪ್ಪುನೀರಲ್ಲಿ ನೆನೆಸಿ,
ತೆಂಗಿನ ಸಿಪ್ಪೆಯ ಬೆಂಕಿಗೆ ಹಿಡಿದು,
ಮೂವರು ಹಗ್ಗ ಜಗ್ಗಿ ತಿರುಚಿ,
ನಾಲ್ಕನೆಯ ಮೂಲೆಗೆ ಮೊಳೆ ಹೊಡೆಯುವಾಗ
ಹಲಗೆ ಒಮ್ಮೆ ಕೂಗಿತಂತೆ.

ಕಣ್ಣು ಮುಚ್ಚಿ ಅಂಗೈ ಎಳೆದೆ, ಉದ್ದಕ್ಕೂ.
ಉಬ್ಬು ಸಿಗಲಿಲ್ಲ. ತಗ್ಗು ಸಿಗಲಿಲ್ಲ.
ಕರ್ಣವಂತೂ ಎಲ್ಲೂ ಇಲ್ಲ.
ಕೈಗೆ ಮೀನೆಣ್ಣೆ ಮೆತ್ತಿತು.

ಒಳಗೆ ಬಂದು ಆ ಒಂದು ಹಲಗೆಯನ್ನು
ಅರವತ್ತನಾಲ್ಕು ಚೂರು ಮಾಡಿದೆ, ಸಾಕಾಗಲಿಲ್ಲ;
ಇನ್ನೂರೈವತ್ತಾರು.
ಹೊರಗೆ ಆಚಾರ್ರು ಟೇಪು ಬಿಚ್ಚಿ ಮತ್ತೆ ಏನೋ ಕೂಗಿದರು.
ಲಾರಿ ಹೋಗುತ್ತಿತ್ತು.